ಕಾಲು ನೋವು: ದೋಷ ಹೋಗುವ ನಾಳದಲ್ಲೋ, ಬರುವ ನಾಳದಲ್ಲೋ?

ಒಂದೇ ದಿನ ಬೆಳಿಗ್ಗೆ ಇಬ್ಬರು ಬಂದಿದ್ದರು. ಒಬ್ಬರು ಹೋಟೆಲಿನಲ್ಲಿ ಅಡುಗೆ ಮಾಡುವ ಭಟ್ಟರು, ಐವತ್ತರ ಆಸುಪಾಸು. ಇನ್ನೊಬ್ಬರು ಬಸ್ ಸ್ಟ್ಯಾಂಡ್ ಹತ್ತಿರ ಕಿರಾಣಿ ಅಂಗಡಿ ಇಟ್ಟವರು, ಅರವತ್ತು ದಾಟಿದೆ. ದೂರು ಇಬ್ಬರದೂ ಒಂದೇ: "ಡಾಕ್ಟ್ರೇ, ಕಾಲು ಸೆಳೀತದೆ. ನರದ ತೊಂದರೆ ಅಂತ ಕಾಣ್ತದೆ."

ಇಬ್ಬರಿಗೂ ಮನೆಯಲ್ಲಿ ಒಂದೇ ಬುದ್ಧಿ ಹೇಳಿದ್ದರು. ರಾತ್ರಿ ಕಾಲ ಕೆಳಗೆ ಎರಡು ದಿಂಬು ಇಟ್ಟು ಮಲಗಿ, ಸರಿ ಹೋಗುತ್ತದೆ ಅಂತ. ಭಟ್ಟರು ಹಾಗೇ ಮಾಡಿದರು. ಬೆಳಿಗ್ಗೆ ಕಾಲು ಹಗುರ. ಅಂಗಡಿಯವರೂ ಹಾಗೇ ಮಾಡಿದರು. ರಾತ್ರಿ ಎರಡು ಗಂಟೆಗೆ ಬೆರಳುಗಳಲ್ಲಿ ಬೆಂಕಿ ಇಟ್ಟ ಹಾಗೆ ಉರಿ. ಎದ್ದು ಕೂತು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟ ಮೇಲೆಯೇ ಸ್ವಲ್ಪ ನೆಮ್ಮದಿ. "ದಿಂಬು ಕಮ್ಮಿ ಆಯ್ತೇನೋ ಅಂತ ಮಾರನೇ ದಿನ ಮೂರನೇದೂ ಇಟ್ಕೊಂಡೆ" ಎಂದರು ಪಾಪ.

ಒಂದೇ ಮಾತಿನ ದೂರು, ಆದರೆ ದೋಷ ಒಂದಕ್ಕೊಂದು ಪೂರ್ತಿ ತಿರುಗು ಮುರುಗು. ಒಬ್ಬರಿಗೆ ರಕ್ತ ಕಾಲಿನಿಂದ ಹೃದಯಕ್ಕೆ ವಾಪಸ್ ಬರುತ್ತಿಲ್ಲ. ಇನ್ನೊಬ್ಬರಿಗೆ ರಕ್ತ ಹೃದಯದಿಂದ ಕಾಲಿಗೆ ಹೋಗಿ ತಲುಪುತ್ತಲೇ ಇಲ್ಲ. ಇದನ್ನು ಬೇರೆ ಮಾಡದೆ ಯಾವ ಮದ್ದು ಕೊಟ್ಟರೂ ಅರ್ಧ ಜನರಿಗೆ ಉಪಕಾರ, ಇನ್ನರ್ಧ ಜನರಿಗೆ ಅಪಾಯ. ಹೇಗೆ ಬೇರೆ ಮಾಡುವುದು ಅನ್ನುವುದಷ್ಟೇ ಈ ಬರಹ. ಮುಕ್ಕಾಲು ಪಾಲು ತಪಾಸಣೆಗೆ ಯಂತ್ರ ಬೇಡ. ಕಣ್ಣು, ಎರಡು ಬೆರಳು, ಒಂದು ಗಡಿಯಾರ ಸಾಕು.

ಮೊದಲು ದಾರಿ ಗೊತ್ತಿರಲಿ

"ನರ" ಅನ್ನುವ ಪದದಿಂದಲೇ ಅರ್ಧ ಗೊಂದಲ ಶುರು. ಆಡುಮಾತಿನಲ್ಲಿ ಕಾಲ ಮೇಲೆ ಹಸಿರಾಗಿ ಉಬ್ಬಿದ್ದೂ ನರ, ಸೂಜಿ ಚುಚ್ಚಿದ ಹಾಗೆ ಜುಮ್ಮೆನ್ನುವುದೂ ನರ, ನಾಡಿ ಹಿಡಿದು ನೋಡುವುದೂ ನರ. ನಿಜವಾದ ನರದಲ್ಲಿ ರಕ್ತ ಹರಿಯುವುದಿಲ್ಲ, ಅದು ಸಂದೇಶ ಒಯ್ಯುವ ತಂತಿ. ಶಾಲೆಯಲ್ಲಿ ಅಪಧಮನಿ, ಅಭಿಧಮನಿ ಅಂತ ಕಲಿಸುತ್ತಾರೆ. ಒಂದೇ ಅಕ್ಷರದ ವ್ಯತ್ಯಾಸ. ಅದಲು ಬದಲು ಬರೆದು ನಾನೇ ಅಂಕ ಕಳೆದುಕೊಂಡಿದ್ದೇನೆ. ಹಾಗಾಗಿ ಇಲ್ಲಿ ಸುಮ್ನೆ ಹೋಗುವ ನಾಳ, ಬರುವ ನಾಳ ಅಂತಲೇ ಕರೆಯುತ್ತೇನೆ. ಹೃದಯದಿಂದ ಹೊರಗೆ ಹೋಗುವುದು ಅಪಧಮನಿ, ಹೃದಯಕ್ಕೆ ವಾಪಸ್ ಬರುವುದು ಅಭಿಧಮನಿ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಸುಮ್ಮನೆ ಕೂತಿದ್ದಾಗ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ತಳ್ಳುತ್ತದೆ. ನಿಮಿಷಕ್ಕೆ 70 ಬಡಿತ ಅಂದರೆ 5 ಲೀಟರ್ ಹತ್ತಿರ ಆಯಿತು. ಅಂದರೆ ಮೈಯಲ್ಲಿರುವಷ್ಟು ರಕ್ತ ಹೆಚ್ಚುಕಮ್ಮಿ ನಿಮಿಷಕ್ಕೊಮ್ಮೆ ಹೃದಯದ ಮೂಲಕ ಹಾದು ಹೋಗುತ್ತದೆ.

ಹೋಗುವ ನಾಳದ ಗೋಡೆ ದಪ್ಪ. ಹಿಗ್ಗುತ್ತದೆ, ಕುಗ್ಗುತ್ತದೆ. ಹೃದಯದ ಪ್ರತಿ ತಳ್ಳೂ ಅದರಲ್ಲಿ ಅಲೆಯಾಗಿ ಓಡುತ್ತದೆ. ಅದೇ ನಾಡಿ. ಈ ನಾಳಗಳು ಕವಲೊಡೆದು ಕವಲೊಡೆದು ಕೊನೆಗೆ ಲೋಮನಾಳಗಳಾಗುತ್ತವೆ. ಲೋಮ ಅಂದರೆ ಕೂದಲು, ಆದರೆ ಇವು ಕೂದಲಿಗಿಂತ ಸುಮಾರು ಹತ್ತು ಪಟ್ಟು ಸಣ್ಣ. ಕೆಂಪು ರಕ್ತಕಣದ ಅಗಲ ಒಂದು ಮಿಲಿಮೀಟರಿನ ಸಾವಿರದಲ್ಲಿ ಏಳೆಂಟು ಪಾಲು. ಎಷ್ಟೋ ಲೋಮನಾಳಗಳು ಅಷ್ಟೂ ಅಗಲ ಇಲ್ಲ. ಕಣಗಳು ಮೈ ಬಗ್ಗಿಸಿಕೊಂಡು ಒಂದರ ಹಿಂದೆ ಒಂದು ನುಸುಳಬೇಕು. ಆಮ್ಲಜನಕ ಕೊಡುವುದು, ಕಸ ತೆಗೆದುಕೊಳ್ಳುವುದು ಎಲ್ಲ ಇಲ್ಲೇ.

ಇಲ್ಲಿಂದ ಮುಂದೆ ವಾಪಸ್ ದಾರಿ. ನನಗೆ ಹೆಚ್ಚು ಸೋಜಿಗ ಅನ್ನಿಸುವುದು ಈ ಭಾಗ. ಲೋಮನಾಳ ದಾಟುವಷ್ಟರಲ್ಲಿ ಹೃದಯದ ತಳ್ಳು ಬಹುಪಾಲು ಖರ್ಚಾಗಿ ಹೋಗಿರುತ್ತದೆ. ಬರುವ ನಾಳದ ಗೋಡೆಯೋ ತೆಳ್ಳಗೆ, ಸಡಿಲ. ಮೈಯ ರಕ್ತದಲ್ಲಿ ಸುಮಾರು ಮೂರನೇ ಎರಡು ಪಾಲು ಯಾವಾಗಲೂ ಈ ನಾಳಗಳಲ್ಲೇ ನಿಂತಿರುತ್ತದೆ. ನಾವು ನಿಂತಾಗ ಪಾದದಿಂದ ಎದೆಯವರೆಗೆ ನಾಲ್ಕು ಅಡಿ ಏರು. ಮೇಲೆ ಹತ್ತಿಸುವವರು ಯಾರು?

ಮೀನಖಂಡ. ಮೊಣಕಾಲ ಕೆಳಗೆ ಹಿಂದೆ ಇರುವ ಆ ದಪ್ಪ ಸ್ನಾಯು. ನಡೆಯುವಾಗ ಅದು ಬಿಗಿಯಾಗಿ ನಡುವೆ ಇರುವ ನಾಳಗಳನ್ನು ಹಿಂಡುತ್ತದೆ. ಹಿಂಡಿದ ರಕ್ತ ಮೇಲಕ್ಕೆ ಮಾತ್ರ ಹೋಗಬೇಕು, ಯಾಕೆಂದರೆ ಬರುವ ನಾಳದ ಒಳಗೆ ಅಲ್ಲಲ್ಲಿ ಕವಾಟಗಳಿವೆ. ಬೋರ್‌ವೆಲ್ ಪೈಪಿಗೆ ವಾಲ್ವ್ ಹಾಕಿದ ಹಾಗೆ, ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಬರಲು ಬಿಡುವುದಿಲ್ಲ. ಅಲುಗಾಡದೆ ನಿಂತವರ ಪಾದದ ನಾಳದಲ್ಲಿ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 90 ಮಿಲಿಮೀಟರ್ ಇರುತ್ತದೆ. ಅದೇ ಮನುಷ್ಯ ಹತ್ತು ಹೆಜ್ಜೆ ನಡೆದರೆ 30ರ ಹತ್ತಿರ ಇಳಿಯುತ್ತದೆ. ದಿನಕ್ಕೆ ಹತ್ತು ಗಂಟೆ ದೋಸೆ ಕಾವಲಿ ಮುಂದೆ ಅಲುಗಾಡದೆ ನಿಲ್ಲುವ ಭಟ್ಟರ ಕಾಲಿನ ಗತಿ ಇದರಲ್ಲೇ ಅರ್ಥವಾಗುತ್ತದೆ, ಅಲ್ವಾ?

ಕವಾಟ ನಂಬಿಕೆ ಬರದಿದ್ದರೆ ನಿಮ್ಮ ಕೈಯಲ್ಲೇ ನೋಡಿ

ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಿ. ಮುಂಗೈ ಹಿಂಭಾಗದಲ್ಲಿ ನಾಳಗಳು ಉಬ್ಬುತ್ತವೆ. ನೇರವಾಗಿರುವ, ಕವಲಿಲ್ಲದ ಒಂದನ್ನು ಆರಿಸಿ. ಬೆರಳುಗಳ ಕಡೆಯ ತುದಿಯಲ್ಲಿ ಇನ್ನೊಂದು ಕೈಯ ತೋರುಬೆರಳಿನಿಂದ ಒತ್ತಿ ಹಿಡಿಯಿರಿ. ಅದೇ ಕೈಯ ನಡುಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ನಾಳವನ್ನು ಸವರಿ. ಟೂತ್‌ಪೇಸ್ಟ್ ಹಿಂಡಿದ ಹಾಗೆ ನಾಳ ಚಪ್ಪಟೆಯಾಗುತ್ತದೆ. ಈಗ ನಡುಬೆರಳು ಎತ್ತಿ. ಮೇಲಿನ ರಕ್ತ ಒಂದು ಸಣ್ಣ ಗಂಟಿನ ತನಕ ಬಂದು ಗಕ್ಕನೆ ನಿಲ್ಲುತ್ತದೆ. ಗಂಟಿನ ಕೆಳಗೆ ನಾಳ ಖಾಲಿ. ಆ ಗಂಟೇ ಕವಾಟ. ತೋರುಬೆರಳು ಎತ್ತಿದ ಕ್ಷಣವೇ ಕೆಳಗಿನಿಂದ ಸರ್ರನೆ ತುಂಬಿಕೊಳ್ಳುತ್ತದೆ. ಮೊದಲ ಸಲ ಸಿಗದಿದ್ದರೆ ಪಕ್ಕದ ನಾಳದಲ್ಲಿ ನೋಡಿ.

ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ಸುತ್ತು ಹೊಡೆಯುತ್ತದೆ ಅಂತ ತೋರಿಸಿದ್ದು ತೋಳಿಗೆ ಪಟ್ಟಿ ಕಟ್ಟಿ ಮಾಡಿದ ಇಂಥದೇ ಪರೀಕ್ಷೆಯಿಂದ. ಅವನ ಗುರು, ಇಟಲಿಯ ಪಾಡುವಾದ ಫಾಬ್ರಿಸಿಯಸ್, ಈ ಕವಾಟಗಳನ್ನು ಮೊದಲೇ ಕಂಡು ಬರೆದಿದ್ದ. ಆದರೆ ರಕ್ತ ಹೃದಯದ ಕಡೆಯಿಂದ ಕೆಳಗೆ ಜಾಸ್ತಿ ರಭಸದಿಂದ ಇಳಿಯದಿರಲಿ ಅಂತ ಅವು ಇವೆ ಎಂದುಕೊಂಡಿದ್ದ. ಭಾಗ ಕಂಡರೂ ಹರಿವಿನ ದಿಕ್ಕು ತಪ್ಪು ಹಿಡಿದರೆ ಹೀಗಾಗುತ್ತದೆ. ಹೋಗುವ ನಾಳ ಬರುವ ನಾಳಕ್ಕೆ ಸೇರುವ ಜಾಗವನ್ನು ಹಾರ್ವೆ ಕಣ್ಣಾರೆ ಕಾಣಲಿಲ್ಲ. ಅವನು ತೀರಿಹೋಗಿ ನಾಲ್ಕು ವರ್ಷದ ಮೇಲೆ, 1661ರಲ್ಲಿ, ಇಟಲಿಯ ವೈದ್ಯ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ಇಟ್ಟು ಲೋಮನಾಳಗಳನ್ನು ನೋಡಿದ.

ಮೊದಲ ಪ್ರಶ್ನೆ: ಯಾವಾಗ ನೋವು, ಏನು ಮಾಡಿದರೆ ಕಮ್ಮಿ?

ಎಲ್ಲಿ ನೋವು ಅನ್ನುವುದಕ್ಕಿಂತ ಯಾವಾಗ ನೋವು ಅನ್ನುವುದನ್ನು ನಾನು ಮೊದಲು ಕೇಳುತ್ತೇನೆ. ದೋಷ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಭಟ್ಟರ ಉತ್ತರ: "ಬೆಳಿಗ್ಗೆ ಏನಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿಯೋ ಹೊತ್ತಿಗೆ ಭಾರ. ಸಂಜೆಗೆ ಕಲ್ಲು ಕಟ್ಟಿದ ಹಾಗೆ. ಸ್ವಲ್ಪ ಓಡಾಡಿದ್ರೆ ಅಥವಾ ಕಾಲು ಚಾಚಿ ಕೂತ್ರೆ ವಾಸಿ." ಇದು ಬರುವ ನಾಳದ ಕಥೆ. ನಿಂತರೆ ಜಾಸ್ತಿ, ನಡೆದರೆ ಕಮ್ಮಿ, ಎತ್ತಿದರೆ ಇನ್ನೂ ಕಮ್ಮಿ.

ಅಂಗಡಿಯವರ ಕಥೆ ಬೇರೆ. ಮನೆಯಿಂದ ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಲೈಟ್ ಕಂಬ ಇದೆ. ಎರಡು ವರ್ಷದಿಂದ ಸರಿಯಾಗಿ ಆ ಕಂಬದ ಹತ್ತಿರ ಬಂದಾಗ ಬಲ ಮೀನಖಂಡ ಹಿಂಡಿದ ಹಾಗಾಗುತ್ತದೆ. ನಿಲ್ಲುತ್ತಾರೆ. ಜನ ಏನೆಂದುಕೊಂಡಾರು ಅಂತ ಮೊಬೈಲ್ ತೆಗೆದು ನೋಡುವ ನಾಟಕ. ಎರಡು ನಿಮಿಷಕ್ಕೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದ ಮೇಲೆ ಮತ್ತೆ ಹಾಗೇ. "ಈಚೆಗೆ ಕಂಬದ ತನಕವೂ ಆಗಲ್ಲ, ಅದಕ್ಕಿಂತ ಮುಂಚೆ ಇರೋ ಟೀ ಅಂಗಡೀಲೇ ನಿಲ್ತೀನಿ."

ಇದರ ಲೆಕ್ಕ ಸರಳ. ಸುಮ್ಮನೆ ಕೂತಾಗ ಮೀನಖಂಡಕ್ಕೆ ಸ್ವಲ್ಪ ರಕ್ತ ಸಾಕು. ಕಿರಿದಾದ ನಾಳವೂ ಅಷ್ಟನ್ನು ಪೂರೈಸುತ್ತದೆ. ನಡೆಯುವಾಗ ಸ್ನಾಯು ಹತ್ತು ಪಟ್ಟಿಗೂ ಜಾಸ್ತಿ ಕೇಳುತ್ತದೆ, ಆಗ ಸಾಲುವುದಿಲ್ಲ. ಸಾದಾ ಪೈಪಿನ ಲೆಕ್ಕದಲ್ಲಿ ಒಳಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧ ಆಗುವುದಿಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಿಂತ ಕೂಡಲೇ ಬೇಡಿಕೆ ಇಳಿಯುತ್ತದೆ, ನೋವೂ ಇಳಿಯುತ್ತದೆ. ಅದಕ್ಕೇ ನಡೆಯುವ ದೂರ ಅಳತೆ ಹಿಡಿದ ಹಾಗೆ ಪ್ರತಿ ದಿನ ಒಂದೇ. ಆ ದೂರ ಕಮ್ಮಿಯಾಗುತ್ತ ಬಂದರೆ ನಾಳ ಕಿರಿದಾಗುತ್ತ ಬಂದಿದೆ ಅಂತ. ರಾತ್ರಿ ಮಲಗಿದಾಗಲೂ ಪಾದ ಉರಿಯತೊಡಗಿದರೆ ಕೂತಾಗ ಬೇಕಾದ ರಕ್ತವೂ ತಲುಪುತ್ತಿಲ್ಲ. ನಿಂತಾಗ, ಕೂತಾಗ ಭೂಮಿಯ ಸೆಳೆತ ಸ್ವಲ್ಪ ಸಹಾಯ ಮಾಡುತ್ತಿತ್ತು, ಮಲಗಿದಾಗ ಅದೂ ಇಲ್ಲ. ದಿಂಬು ಇಟ್ಟರೆ ಏರು ಬೇರೆ. ಮೂರನೇ ದಿಂಬು ಯಾಕೆ ಕೈಕೊಟ್ಟಿತು ಅಂತ ಈಗ ಗೊತ್ತಾಯಿತಲ್ಲ. ಈ ಹಂತ ತಲುಪಿದವರನ್ನು ನೋಡೋಣ, ಇನ್ನೊಂದು ತಿಂಗಳು ಕಾಯೋಣ ಅನ್ನಬಾರದು. ಕಾಲು ಉಳಿಸಿಕೊಳ್ಳುವ ಸಮಯ ಅದು.

ಇಲ್ಲೊಂದು ಮೋಸ ಇದೆ. ಬೆನ್ನುಹುರಿಯ ದಾರಿ ಕಿರಿದಾಗಿ ನಿಜವಾದ ನರ ಒತ್ತಿಕೊಂಡರೂ ನಡೆದಾಗ ಕಾಲು ನೋಯುತ್ತದೆ. ಬೇರೆ ಮಾಡುವುದು ಹೀಗೆ: ರಕ್ತದ ಕೊರತೆಯವರಿಗೆ ಸುಮ್ಮನೆ ನಿಂತರೆ ಸಾಕು. ಬೆನ್ನಿನ ತೊಂದರೆಯವರಿಗೆ ನಿಂತರೆ ಸಾಲದು, ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಇವರು ಸೈಕಲ್ ಆರಾಮಾಗಿ ತುಳಿಯುತ್ತಾರೆ, ಇಳಿದು ನಡೆದರೆ ನೋವು. ಬೆನ್ನಿನ ತೊಂದರೆಯ ನೋವು ಒಂದೊಂದು ದಿನ ಒಂದೊಂದು ದೂರಕ್ಕೆ ಬರುತ್ತದೆ. ಲೈಟ್ ಕಂಬದ ಲೆಕ್ಕ ಇರುವುದಿಲ್ಲ.

ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡಿ

ಪಂಚೆಯೋ ಪ್ಯಾಂಟೋ ಮೊಣಕಾಲ ಮೇಲೆ ಎತ್ತಿ, ಕಾಲುಚೀಲ ತೆಗೆದು, ಬೆಳಕಿನಲ್ಲಿ ಕೂರಿಸಿ. ಒಂದೇ ಕಾಲು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೋಲಿಕೆಯೇ ತಪಾಸಣೆ.

ಭಟ್ಟರ ಕಾಲಲ್ಲಿ ಮೊಣಕಾಲ ಒಳಬದಿಯಿಂದ ಕೆಳಗೆ ಹಾವು ಮಲಗಿದ ಹಾಗೆ ನಾಳ ಸುತ್ತಿಕೊಂಡಿತ್ತು. ಮಲಗಿಸಿದಾಗ ಅದು ಕಾಣುವುದಿಲ್ಲ, ಆದ್ದರಿಂದ ನಿಲ್ಲಿಸಿಯೇ ನೋಡಬೇಕು. ಕಣಕಾಲ ಒಳಗಂಟಿನ ಮೇಲೆ ಚರ್ಮ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಗಟ್ಟಿ. ರಕ್ತ ನಿಂತು ನಿಂತು, ಕೆಂಪು ಕಣಗಳು ಹೊರಗೆ ಸೋರಿ, ಅದರಲ್ಲಿನ ಕಬ್ಬಿಣದ ಅಂಶ ಉಳಿದ ಕಲೆ ಅದು. ಅಲ್ಲೇ ತುರಿಕೆ, ಆಮೇಲೆ ಅಲ್ಲೇ ಹುಣ್ಣು. ಅಂಥ ಹುಣ್ಣು ಒದ್ದೆ, ಅಗಲ, ಆಳ ಇಲ್ಲ.

ಅಂಗಡಿಯವರ ಬಲಗಾಲು ತೆಳ್ಳಗೆ. ಚರ್ಮ ಹೊಳೆಯುತ್ತದೆ, ಬೆರಳ ಮೇಲೆ ಕೂದಲಿಲ್ಲ, ಉಗುರು ದಪ್ಪ. ಅಂಗೈ ಹಿಂಭಾಗದಿಂದ ಎರಡೂ ಪಾದ ಮುಟ್ಟಿದರೆ ಬಲಗಡೆ ತಣ್ಣಗೆ. ಹೆಬ್ಬೆರಳ ತುದಿಯಲ್ಲಿ ಒಣಗಿದ, ಕತ್ತರಿಸಿದ ಹಾಗೆ ಅಂಚಿರುವ ಸಣ್ಣ ಹುಣ್ಣು. ಹೋಗುವ ನಾಳ ಕಟ್ಟಿದರೆ ಹುಣ್ಣು ದಾರಿಯ ತುದಿಯಲ್ಲಿ ಬರುತ್ತದೆ, ಕಾಲುವೆಯ ಕೊನೇ ಗದ್ದೆ ಮೊದಲು ಒಣಗುವ ಹಾಗೆ.

ಸಕ್ಕರೆ ಕಾಯಿಲೆಯವರ ಹುಣ್ಣು ಇನ್ನೊಂದು ಜಾತಿ. ಅಂಗಾಲಿನಲ್ಲಿ, ಭಾರ ಬೀಳುವ ಕಡೆ ಬರುತ್ತದೆ, ನೋವೇ ಇರುವುದಿಲ್ಲ. ನೋವಿಲ್ಲ ಅಂತ ಸುಮ್ಮನಿರುವುದೇ ಅಲ್ಲಿನ ದೊಡ್ಡ ತಪ್ಪು.

ನಾಡಿ ಹುಡುಕುವುದು

ಇದನ್ನು ಯಾರು ಬೇಕಾದರೂ ಕಲಿಯಬಹುದು, ಸ್ವಲ್ಪ ತಾಳ್ಮೆ ಬೇಕು ಅಷ್ಟೇ. ಪಾದದ ಮೇಲ್ಭಾಗದಲ್ಲಿ ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ ಒಂದು ಹುರಿ ಎದ್ದು ಕಾಣುತ್ತದೆ. ಅದರ ಪಕ್ಕದಲ್ಲಿ, ಕಿರುಬೆರಳ ಕಡೆ, ಪಾದದ ನಡುವಿಗೆ ಎರಡು ಬೆರಳು ಹಗುರಾಗಿ ಇಡಿ. ಒತ್ತಬೇಡಿ, ಒತ್ತಿದರೆ ನಾಳ ಮುಚ್ಚಿಹೋಗುತ್ತದೆ. ಎರಡನೇ ಜಾಗ ಕಣಕಾಲ ಒಳಗಂಟಿನ ಹಿಂದೆ, ಗಂಟಿಗೂ ಹಿಮ್ಮಡಿಗೂ ನಡುವೆ. ಹೆಬ್ಬೆರಳಿನಿಂದ ನೋಡಬಾರದು, ಅದರ ಸ್ವಂತ ನಾಡಿಯೇ ಮೋಸ ಮಾಡುತ್ತದೆ. ಸಿಕ್ಕಿದ್ದು ಅವರದೋ ನಿಮ್ಮದೋ ಅಂತ ಅನುಮಾನ ಬಂದರೆ ನಿಮ್ಮ ಮಣಿಕಟ್ಟಿನ ನಾಡಿಯ ಜೊತೆ ಹೋಲಿಸಿ. ಎರಡೂ ಒಟ್ಟಿಗೆ ಬಡಿಯುತ್ತಿದ್ದರೆ ನಿಮ್ಮದನ್ನೇ ಹಿಡಿದಿದ್ದೀರಿ.

ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲ, ಅದಕ್ಕೆ ಗಾಬರಿ ಬೇಡ. ಎರಡೂ ಜಾಗದಲ್ಲಿ ಇಲ್ಲ ಅಂದರೆ ದೋಷದ ಅನುಮಾನ, ಇನ್ನೊಂದು ಕಾಲಲ್ಲಿ ಚೆನ್ನಾಗಿದ್ದರೆ ಅನುಮಾನ ಇನ್ನೂ ಬಲ.

ಆಮೇಲೆ ಮೇಲಕ್ಕೆ ಹೋಗಬೇಕು. ಕರೆಂಟ್ ಹೋದಾಗ ಲೈನ್‌ಮನ್ ಯಾವ ಕಂಬದ ತನಕ ಇದೆ, ಯಾವ ಕಂಬದಿಂದ ಇಲ್ಲ ಅಂತ ಹುಡುಕುವ ಹಾಗೆ. ತೊಡೆಸಂದಿನಲ್ಲಿ ನಾಡಿ ಇದೆ, ಮೊಣಕಾಲ ಹಿಂದೆ ಇಲ್ಲ ಅಂದರೆ ತಡೆ ಇರುವುದು ನಡುವೆ, ತೊಡೆಯಲ್ಲಿ. ಅಂಥವರಿಗೆ ನೋವು ಮೀನಖಂಡದಲ್ಲಿ. ತೊಡೆಸಂದಿನಲ್ಲೇ ಇಲ್ಲ ಅಂದರೆ ತಡೆ ಹೊಟ್ಟೆಯ ಒಳಗೆ, ನೋವು ತೊಡೆ, ಪೃಷ್ಠದವರೆಗೂ ಹರಡಿರುತ್ತದೆ. ನೋವು ಯಾವಾಗಲೂ ತಡೆಯ ಕೆಳಗಿನ ಸ್ನಾಯುವಿನಲ್ಲಿ. ಅಂಗಡಿಯವರಿಗೆ ತೊಡೆಸಂದಿನಲ್ಲಿ ದಪದಪ ಅಂತ ಸಿಕ್ಕಿತು, ಮೊಣಕಾಲ ಹಿಂದೆ ಏನೂ ಇಲ್ಲ.

ಎತ್ತಿ ನೋಡಿ, ಇಳಿಸಿ ನೋಡಿ

ಅಂಗಾತ ಮಲಗಿಸಿ ಎರಡೂ ಕಾಲನ್ನು ಅರ್ಧಕ್ಕೆ, ಸುಮಾರು 45 ಡಿಗ್ರಿ, ಎತ್ತಿ ಒಂದೆರಡು ನಿಮಿಷ ಹಿಡಿಯಿರಿ. ನಮ್ಮ ಮೈಬಣ್ಣಕ್ಕೆ ಕಾಲ ಮೇಲೆ ಬಿಳಿಚಿದ್ದು ಕಾಣುವುದಿಲ್ಲ, ಅಂಗಾಲು ನೋಡಬೇಕು. ರಕ್ತ ತಲುಪದ ಕಾಲು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಈಗ ಎಬ್ಬಿಸಿ ಕೂರಿಸಿ, ಕಾಲು ಇಳಿಬಿಡಲು ಹೇಳಿ. ಚೆನ್ನಾಗಿರುವ ಕಾಲು ಹತ್ತು ಹದಿನೈದು ಸೆಕೆಂಡಿನಲ್ಲಿ ಮಾಮೂಲಿ ಬಣ್ಣಕ್ಕೆ ಬರುತ್ತದೆ. ದೋಷದ ಕಾಲು ತಡ ಮಾಡುತ್ತದೆ, ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಕೆಂಪಾಗುತ್ತದೆ.

ಈ ಕೆಂಪು ಎಷ್ಟೋ ಜನರನ್ನು ಮೋಸ ಮಾಡಿದೆ. ಶುರುವಿನ ವರ್ಷಗಳಲ್ಲಿ ನನ್ನನ್ನೂ. ಕೂತ ರೋಗಿಯ ಪಾದ ಕೆಂಪಗಿದ್ದದ್ದು ನೋಡಿ ರಕ್ತ ಸಂಚಾರ ಏನೂ ತೊಂದರೆ ಇಲ್ಲ, ಸೋಂಕು ಇರಬೇಕು ಅಂತ ಮಾತ್ರೆ ಬರೆದಿದ್ದೆ. ಒಂದು ಸಲ ಕಾಲು ಎತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಸೋಂಕಿನ ಕೆಂಪು ಎತ್ತಿದರೂ ಹೋಗುವುದಿಲ್ಲ, ಕೊರತೆಯ ಕೆಂಪು ಎತ್ತಿದ ಕೂಡಲೇ ಹೋಗುತ್ತದೆ. ಕೊರತೆ ಇರುವ ಕಡೆ ಸಣ್ಣ ನಾಳಗಳು ರಕ್ತ ಬಂದರೆ ಸಾಕು ಅಂತ ಪೂರ್ತಿ ಬಾಯಿ ತೆರೆದು ಕೂತಿರುತ್ತವೆ. ಇಳಿಬಿಟ್ಟಾಗ ಅವು ತುಂಬಿಕೊಂಡ ಬಣ್ಣ ಅದು.

ಕ್ಲಿನಿಕ್ಕಿನಲ್ಲಿ ಇದನ್ನು ಅಂಕಿಯಲ್ಲಿ ಬರೆಯುವ ದಾರಿ ಇದೆ. ತೋಳಿನಲ್ಲಿ ಬಿಪಿ ನೋಡಿ, ಕಣಕಾಲಿನಲ್ಲೂ ಬಿಪಿ ನೋಡಿ, ಮೇಲಿನ ಅಂಕಿಗಳನ್ನು ಭಾಗಿಸುವುದು. ಕಣಕಾಲಿನ ಹರಿವು ಕೇಳಲು ಕೈಯಲ್ಲಿ ಹಿಡಿಯುವ ಸಣ್ಣ ಡಾಪ್ಲರ್ ಬೇಕು. ಭಟ್ಟರದು ಕಾಲು 136, ತೋಳು 130, ಅಂದರೆ 1.05. ಅಂಗಡಿಯವರದು ಕಾಲು 48, ತೋಳು 140, ಅಂದರೆ 0.34. 0.9 ಅಥವಾ ಕಮ್ಮಿ ಬಂದರೆ ಹೋಗುವ ನಾಳ ಕಿರಿದಾಗಿದೆ, 0.4ಕ್ಕಿಂತ ಕೆಳಗೆ ಹೋದರೆ ಗಂಭೀರ. 1.4 ದಾಟಿದರೆ ಭಾರೀ ಆರೋಗ್ಯ ಅಂತ ಖುಷಿ ಪಡಬೇಡಿ. ನಾಳದ ಗೋಡೆಗೆ ಸುಣ್ಣ ಕಟ್ಟಿ ಗಟ್ಟಿಯಾಗಿದೆ, ಪಟ್ಟಿ ಅದನ್ನು ಅದುಮಲಾಗದೆ ಸುಳ್ಳು ಅಂಕಿ ತೋರಿಸುತ್ತಿದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಇದು ಸಾಮಾನ್ಯ. ಅವರಿಗೆ ಹೆಬ್ಬೆರಳಿನ ಒತ್ತಡ ನೋಡಬೇಕು.

ನಾಳದ ದೋಷವೇ ಅಲ್ಲದಿದ್ದರೆ?

ಕಾಲು ಊದಿದೆ ಅಂದ ಕೂಡಲೇ ನಾಳದ ಮೇಲೆ ಗೂಬೆ ಕೂರಿಸಬೇಡಿ. ಮೊದಲು ನೋಡಬೇಕಾದ್ದು ಒಂದು ಕಾಲೋ, ಎರಡೂ ಕಾಲೋ. ಎರಡೂ ಕಾಲು ಸಮನಾಗಿ ಊದಿ, ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿದರೆ ದೋಷ ಬಹುಮಟ್ಟಿಗೆ ಮೇಲೆ ಎಲ್ಲೋ ಇದೆ. ಪಂಪೇ ಸೋತಿರಬಹುದು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆಯಾ, ರಾತ್ರಿ ಎರಡು ಮೂರು ದಿಂಬು ಇಲ್ಲದೆ ಮಲಗಲು ಆಗುವುದಿಲ್ಲವಾ ಅಂತ ಕೇಳಿ. ಬೆಳಿಗ್ಗೆ ಮುಖವೂ ಊದಿರುತ್ತದಾ? ಹಾಗಾದರೆ ಮೂತ್ರಪಿಂಡ ನೋಡಬೇಕು. ಹೊಟ್ಟೆಯಲ್ಲೂ ನೀರು ತುಂಬಿದ್ದರೆ ಯಕೃತ್ತು.

ಬಿಪಿ ಮಾತ್ರೆಯ ಚೀಟಿ ನೋಡುವುದನ್ನು ಮರೆಯಬೇಡಿ. ಅಮ್ಲೊಡಿಪಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಕಣಕಾಲು ಊದುತ್ತದೆ. ಮಾತ್ರೆ ಹೋಗುವ ಕಡೆಯ ಸಣ್ಣ ನಾಳಗಳನ್ನು ಸಡಿಲಿಸುತ್ತದೆ, ಬರುವ ಕಡೆ ಅಷ್ಟು ಸಡಿಲಿಸುವುದಿಲ್ಲ, ನಡುವೆ ನೀರು ಸೋರುತ್ತದೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ಕೊಟ್ಟವರನ್ನು ಕೇಳಿ ಬದಲಿಸಿಕೊಳ್ಳಿ.

ಕರಾವಳಿಯಲ್ಲಿ, ಕಲಬುರಗಿ ಕಡೆ ಒಂದು ಕಾಲು ವರ್ಷಗಟ್ಟಲೆ ಊದಿದ್ದರೆ ಆನೆಕಾಲು ರೋಗ ಮನಸ್ಸಿನಲ್ಲಿರಬೇಕು. ಸೊಳ್ಳೆ ತಂದ ಹುಳು ದುಗ್ಧನಾಳವನ್ನು, ಅಂದರೆ ಮಾಂಸದ ಸಂದಿಯಲ್ಲಿ ಸೋರಿದ ನೀರನ್ನು ವಾಪಸ್ ಒಯ್ಯುವ ನಾಳವನ್ನು, ಹಾಳು ಮಾಡಿರುತ್ತದೆ. ಅದು ಈ ಎರಡೂ ದಾರಿಗಿಂತ ಬೇರೆಯ ಮೂರನೇ ದಾರಿ. ಹೆಬ್ಬೆರಳ ಪಕ್ಕದ ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಲು ಆಗುತ್ತದಾ ನೋಡಿ. ಆಗದಿದ್ದರೆ ಅನುಮಾನ ಅದೇ.

ತಪಾಸಣೆ ಬಿಟ್ಟು ಓಡಬೇಕಾದ ಸಂದರ್ಭ

ಒಂದು ಕಾಲು ದಿನ ಎರಡು ದಿನದಲ್ಲಿ ಊದಿ, ಮೀನಖಂಡ ಬಿಗಿಯಾಗಿ, ಮುಟ್ಟಿದರೆ ನೋವು, ಬಿಸಿ. ಬರುವ ನಾಳದ ಆಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಟೇಪು ಇದ್ದರೆ ಮೊಣಕಾಲ ಚಿಪ್ಪಿನ ಕೆಳಗಿರುವ ಮೂಳೆಯ ಗುಬ್ಬಿಯಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ. 3 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅನುಮಾನ ಬಲವಾಯಿತು. ಹಿನ್ನೆಲೆ ಕೇಳಿ: ಈಚೆಗೆ ಆಪರೇಷನ್ ಆಗಿತ್ತಾ, ಮೂಳೆ ಮುರಿದು ಮಲಗಿದ್ದರಾ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿ ವಿಮಾನದಲ್ಲಿ ಕೂತೇ ವಾಪಸ್ ಬಂದರಾ? ಬಾಣಂತಿಗೂ ಹೆರಿಗೆಯಾದ ಆರು ವಾರ ಈ ಅಪಾಯ ಜಾಸ್ತಿ. ಮಂಚ ಬಿಟ್ಟು ಇಳಿಯಬಾರದು ಅನ್ನುವ ಅಜ್ಜಿಯರಿಗೆ ಇದನ್ನು ಮೆಲ್ಲಗೆ ಹೇಳಬೇಕು. ಕಾಲು ಉಜ್ಜಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಒಮ್ಮೆಲೇ ಉಸಿರು ಸಿಗದೆ, ಎದೆ ಚುಚ್ಚಿ, ಪ್ರಾಣಕ್ಕೇ ಬರುತ್ತದೆ. ಅದೇ ದಿನ ಡಾಪ್ಲರ್ ಸ್ಕ್ಯಾನ್ ಆಗಬೇಕು. ಉಸಿರಿನ ತೊಂದರೆ ಆಗಲೇ ಶುರುವಾಗಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು ಇದಕ್ಕಿಂತ ಅವಸರದ್ದು. ಇದ್ದಕ್ಕಿದ್ದ ಹಾಗೆ ಕಾಲು ಬಿಳಿಚಿ, ತಣ್ಣಗಾಗಿ, ಜೋರು ನೋವು ಬಂದು, ಜೋಮು ಹಿಡಿದು, ಬೆರಳು ಅಲುಗಿಸಲು ಆಗದಿದ್ದರೆ ಹೋಗುವ ನಾಳ ಪೂರ್ತಿ ಮುಚ್ಚಿದೆ. ಹೃದಯದ ಬಡಿತ ತಾಳ ತಪ್ಪಿರುವವರಲ್ಲಿ ಅಲ್ಲಿ ಕಟ್ಟಿದ ಹೆಪ್ಪು ಹೀಗೆ ಬಂದು ಸಿಕ್ಕಿಕೊಳ್ಳುತ್ತದೆ. ಸುಮಾರು ಆರು ಗಂಟೆಯೊಳಗೆ ತೆರೆಯದಿದ್ದರೆ ಸ್ನಾಯು ಉಳಿಯುವುದು ಕಷ್ಟ. ಬಿಸಿನೀರ ಚೀಲ ಇಡಬೇಡಿ, ರಕ್ತವಿಲ್ಲದ ಚರ್ಮ ಬೇಗ ಸುಟ್ಟುಹೋಗುತ್ತದೆ.

ಉಬ್ಬಿದ ನಾಳ ಸ್ನಾನ ಮಾಡುವಾಗ ಒಡೆದು ಚಿಲ್ಲೆಂದು ರಕ್ತ ಬಂದರೆ ಮಾತ್ರ ಮದ್ದು ನಿಮ್ಮ ಕೈಯಲ್ಲೇ ಇದೆ. ಅಲ್ಲೇ ಮಲಗಿಸಿ, ಕಾಲು ಎತ್ತಿ, ಒಡೆದ ಜಾಗದ ಮೇಲೇ ಬಟ್ಟೆ ಒತ್ತಿ ಹಿಡಿಯಿರಿ. ಮೇಲೆ ತೊಡೆಗೆ ಹಗ್ಗ ಬಿಗಿಯುವವರಿದ್ದಾರೆ. ಅದು ವಾಪಸ್ ದಾರಿಯನ್ನೇ ಮುಚ್ಚಿ ಸುರಿಯುವುದನ್ನು ಜಾಸ್ತಿ ಮಾಡುತ್ತದೆ.

ದುರಸ್ತಿ

ಭಟ್ಟರಿಗೆ ಹೇಳಿದ್ದು: ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಕಾವಲಿಗೆ ಹಿಟ್ಟು ಹುಯ್ದಾಗಲೆಲ್ಲ ಹತ್ತು ಸಲ. ಕಾಲಿಗೆ ಬಿಗಿ ಸ್ಟಾಕಿಂಗ್ಸ್. ಅದನ್ನು ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಊದಿದ ಮೇಲೆ ಹಾಕಿದರೆ ಊತವನ್ನೇ ಕಟ್ಟಿಟ್ಟ ಹಾಗೆ. ಅಡುಗೆಮನೆ ಸೆಕೆಯಲ್ಲಿ ಅವರು ಎಷ್ಟು ದಿನ ಹಾಕುತ್ತಾರೋ ನನಗೆ ಅನುಮಾನವೇ ಇತ್ತು. ಹಾಳಾದ ಕವಾಟ ರಿಪೇರಿ ಆಗುವುದಿಲ್ಲ. ಆ ನಾಳವನ್ನೇ ಒಳಗಿನಿಂದ ಲೇಸರ್ ಹಾಕಿ ಮುಚ್ಚಬಹುದು, ರಕ್ತ ಪಕ್ಕದ ಒಳ್ಳೆಯ ನಾಳ ಹಿಡಿದುಕೊಳ್ಳುತ್ತದೆ.

ಅದೇ ಸ್ಟಾಕಿಂಗ್ಸ್ ಅಂಗಡಿಯವರಿಗೆ ಹಾಕಿದ್ದರೆ ಬೆರಳು ಕಪ್ಪಾಗುತ್ತಿತ್ತು. ಔಷಧದಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ವಸ್ತು ಅದು, ಆದ್ದರಿಂದಲೇ ಹೇಳುತ್ತಿದ್ದೇನೆ. ಪಾದದ ನಾಡಿ ನೋಡದೆ ಯಾರ ಕಾಲಿಗೂ ಬಿಗಿ ಪಟ್ಟಿ ಸುತ್ತಬಾರದು.

ಹೋಗುವ ನಾಳದ ದೋಷಕ್ಕೆ ಮೊದಲ ಮದ್ದು ಬೀಡಿ ಬಿಡುವುದು. ನಲವತ್ತು ದಾಟದ ಹುಡುಗರಲ್ಲೂ ಬೀಡಿ ಸಿಗರೇಟಿನಿಂದ ಸಣ್ಣ ನಾಳಗಳು ಮುಚ್ಚಿ ಬೆರಳು ಕೊಳೆಯುವ ಕಾಯಿಲೆ ಇದೆ. 1908ರಲ್ಲಿ ಅದನ್ನು ವಿವರಿಸಿದ ಬರ್ಗರ್ ಹೆಸರಿನಲ್ಲೇ ಕರೆಯುತ್ತಾರೆ. ಅದಕ್ಕೆ ತಂಬಾಕು ಪೂರ್ತಿ ನಿಲ್ಲಿಸುವುದನ್ನು ಬಿಟ್ಟು ಬೇರೆ ಯಾವ ಚಿಕಿತ್ಸೆಯೂ ನೆಟ್ಟಗೆ ಕೆಲಸ ಮಾಡುವುದಿಲ್ಲ. ದಿನಕ್ಕೆ ಒಂದೇ ಬೀಡಿ ಅನ್ನುವ ರಾಜಿ ನಡೆಯುವುದಿಲ್ಲ. ಲೈಟ್ ಕಂಬದ ಹಂತದಲ್ಲೇ ಬಂದವರಿಗೆ ಕೊಲೆಸ್ಟರಾಲ್ ಇಳಿಸುವ, ರಕ್ತ ಹೆಪ್ಪುಗಟ್ಟದ ಹಾಗೆ ನೋಡುವ ಮಾತ್ರೆಗಳು, ಜೊತೆಗೆ ನಡಿಗೆ. ನೋವು ಬರುವ ತನಕ ನಡೆಯಿರಿ, ನಿಲ್ಲಿ, ಹೋದ ಮೇಲೆ ಮತ್ತೆ ನಡೆಯಿರಿ. ಅರ್ಧ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ನೋವಾಗುತ್ತದೆ ಅಂತ ನಡೆಯುವುದು ಬಿಟ್ಟವರಿಗಿಂತ ಇವರು ಜಾಸ್ತಿ ದೂರ ಹೋಗುತ್ತಾರೆ.

ಅಂಗಡಿಯವರು ಆ ಹಂತ ದಾಟಿದ್ದರು. ಅವತ್ತೇ ಚೀಟಿ ಬರೆದು ರಕ್ತನಾಳದ ಸರ್ಜನ್ ಹತ್ತಿರ ಕಳಿಸಿದೆ. ನಾಲ್ಕನೇ ದಿನಕ್ಕೆ ದಿನಾಂಕ ಸಿಕ್ಕಿತು. ಅಷ್ಟು ರಾತ್ರಿ ಕಳೆಯಬೇಕಲ್ಲ? ಮಂಚದ ತಲೆ ಕಡೆಯ ಎರಡು ಕಾಲಿಗೆ ಒಂದೊಂದು ಇಟ್ಟಿಗೆ ಇಡಿಸಿದೆ, ಪಾದ ತಗ್ಗಿನಲ್ಲಿ ಇರಲಿ ಅಂತ. ಭಟ್ಟರಿಗೆ ಇಟ್ಟಿಗೆ ಕಾಲಿನ ಕಡೆ, ದಿಂಬು ರಾತ್ರಿ ಜಾರಿಹೋಗುತ್ತದೆ ಅಂತ. ತೊಡೆಯ ನಾಳಕ್ಕೆ ಬಲೂನ್ ಹಾಕಿ ತೆರೆದರು, ಹೆಬ್ಬೆರಳು ಉಳಿಯಿತು, ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು.

ಭಟ್ಟರ ಮಂಚದ ಇಟ್ಟಿಗೆ ಇನ್ನೂ ಅಲ್ಲೇ ಇದೆ. ಅಂಗಡಿಯವರು ತಮ್ಮದನ್ನು ತೆಗೆದು ಅಂಗಡಿ ಬಾಗಿಲಿಗೆ ಒತ್ತಾಗಿ ಇಟ್ಟುಕೊಂಡಿದ್ದಾರೆ.